ಭಾವನ ಎಡಗಾಲು

ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ಎಲ್ಲಿ ಹೋದರೂ ಮೂಲೆ ಹುಡುಕಿಕೊಂಡು ಕೂರುವ ಮನುಷ್ಯ. ಊಟಕ್ಕೆ ಕರೆದರೆ ಮೇಜಿನ ತುದಿಯಲ್ಲಿ ಗೋಡೆಗೆ ಒತ್ತಿಕೊಂಡಿರುವ ಕುರ್ಚಿಯೇ ಬೇಕು. ಟೀವಿ ನೋಡುವಾಗ ಸೋಫಾ ಇಡೀ ಖಾಲಿಯಿದ್ದರೂ ಅದರ ಕೈಯ ಮೇಲೆ ಅರ್ಧ ಕೂತು ಅರ್ಧ ನಿಂತಿರುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು, "ಭಾವ, ಸರಿಯಾಗಿ ಕೂತ್ಕೊಳ್ಳಿ, ಇದು ನಿಮ್ಮದೇ ಮನೆ," ಅಂದೆ. "ಕೂತೇ ಇದೀನಲ್ಲಮ್ಮ," ಅಂದರು. ನನ್ನ ಗಂಡ ನಕ್ಕು, "ಅವನು ಹಾಗೇ ಕಣೇ. ಬಸ್ಸಲ್ಲಿ ಒಬ್ಬನೇ ಕೂತಿದ್ರೂ ಪಕ್ಕದಲ್ಲಿ ಯಾರೋ ದಪ್ಪದೋರು ಇದಾರೆ ಅನ್ನೋ ಥರ ಕೂರ್ತಾನೆ," ಅಂದರು.

ಭಾವನಿಗೆ ಈಗ ನಲವತ್ತೇಳು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ, "ಸಂಜೆ ಹೊತ್ತು ಮನೇಲಿರದೋನಿಗೆ ಯಾರು ಹೆಣ್ಣು ಕೊಡ್ತಾರೆ," ಅಂತ ತೇಲಿಸಿಬಿಡುತ್ತಾರೆ. ಸಂಜೆ ಏಳರಿಂದ ಹತ್ತರವರೆಗೆ ಒಂದು ದೊಡ್ಡ ಹೋಟೆಲಿನ ಊಟದ ಹಾಲ್‌ನಲ್ಲಿ ಅವರು ಡ್ರಮ್ಸ್ ಬಾರಿಸುತ್ತಾರೆ. ಮೊದಲು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿದ್ದರಂತೆ. ಅಲ್ಲಿನ ನೌಕರರ ಕ್ಲಬ್ಬಿನಲ್ಲಿ ಯಾರೂ ಮುಟ್ಟದ ಒಂದು ಹಳೇ ಡ್ರಮ್ ಸೆಟ್ ಇತ್ತು. ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ಗಂಟೆ, ಅರ್ಧ ಗಂಟೆ ಅಂತ ಐದು ವರ್ಷ ತಾವೇ ಬಾರಿಸಿ ಬಾರಿಸಿ ಕಲಿತರು. ಹೋಟೆಲಿನ ತಂಡದ ಡ್ರಮ್ಮರ್ ಅಕ್ಕನ ಮನೆಗೆ ಹೋಗಿಬರುತ್ತೇನೆ ಅಂತ ಎರಡು ದಿನ ರಜ ಹಾಕಿದಾಗ, ಯಾರೋ ಇವರ ಹೆಸರು ಹೇಳಿದರು. ಎರಡು ದಿನಕ್ಕೆ ಅಂತ ಹೋಗಿ ಕೂತರು. ಆ ಡ್ರಮ್ಮರ್ ಇವತ್ತಿನವರೆಗೂ ವಾಪಸ್ ಬಂದಿಲ್ಲ. ಇಪ್ಪತ್ತೆರಡು ವರ್ಷವಾಯಿತು. ನೇಮಕದ ಪತ್ರ ಇಲ್ಲ, ಏನಿಲ್ಲ. ತಂಡದಲ್ಲಿ ಕೀಬೋರ್ಡ್ ನುಡಿಸುವ ಹಿರಿಯರು, ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಾರೆ, ಇವತ್ತಿಗೂ ಭಾವನನ್ನು "ಏನಯ್ಯಾ ಎರಡು ದಿನದೋನೇ" ಅಂತಲೇ ಕೂಗುವುದು.

ಈ ವರ್ಷ ಹೋಟೆಲಿಗೆ ಹೊಸ ಮ್ಯಾನೇಜರ್ ಬಂದ. ಡ್ರಮ್ಸ್ ಗಲಾಟೆಯಲ್ಲಿ ಊಟಕ್ಕೆ ಬಂದವರಿಗೆ ಎದುರು ಕೂತವರ ಮಾತೇ ಕೇಳುವುದಿಲ್ಲ ಅಂತ ದೂರು ಇತ್ತಂತೆ. ಹಳೇ ಸೆಟ್ ಎತ್ತಿಸಿ ಎಲೆಕ್ಟ್ರಾನಿಕ್ ಡ್ರಮ್ಸ್ ತರಿಸಿದ. ಸದ್ದು ಎಷ್ಟು ಬೇಕೋ ಅಷ್ಟೇ ತಿರುಗಿಸಿಕೊಳ್ಳಬಹುದು. ಹಾಲ್‌ಗೆ ಬಣ್ಣ ಬಳಿಯುವ ಹತ್ತು ದಿನ ಸಂಗೀತಕ್ಕೆ ರಜ. ಅಷ್ಟರಲ್ಲಿ ಭಾವ ಇದನ್ನು ಮನೆಗೆ ಒಯ್ದು ಕಲಿತುಕೊಳ್ಳಬೇಕು. ಮುಂದಿನ ಶನಿವಾರ ಮಧ್ಯಾಹ್ನ ಮೂರಕ್ಕೆ ಮ್ಯಾನೇಜರ್ ಎದುರು ಬಾರಿಸಿ ತೋರಿಸಬೇಕು. ಆಗದಿದ್ದರೆ?

"ಆಗ್ದಿದ್ರೆ ಮೇಷ್ಟ್ರ ಕೀಬೋರ್ಡ್ ಒಳಗೇ ತಾಳ ಇದೆಯಂತೆ," ಅಂದರು ಭಾವ. "ಒಂದು ಗುಂಡಿ ಒತ್ತಿದ್ರೆ ಅದೇ ಬಾರಿಸ್ಕೊಂಡು ಹೋಗತ್ತೆ."

ನಮ್ಮದು ಮೂರನೇ ಮಹಡಿ. ಒಂದು ಮಲಗುವ ಕೋಣೆ, ಮುಂದಿನ ಕೋಣೆ, ಅಡುಗೆಮನೆ. ಮುಂದಿನ ಕೋಣೆಯಲ್ಲೇ ಭಾವ ಮಲಗುವುದು. ನನ್ನ ಮಗಳು ಗುಬ್ಬಿಗೆ ಆಗ ಒಂಬತ್ತು ತಿಂಗಳು. ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುವ ಕಾಲ. ಆ ಸೆಟ್ ಪೆಟ್ಟಿಗೆಯಿಂದ ಹೊರಗೆ ಬರುತ್ತಿದ್ದಂತೆ ನಾನು ಗುಬ್ಬಿಯನ್ನು ಎತ್ತಿಕೊಂಡೆ. ಎಷ್ಟು ತಂತಿ, ಎಷ್ಟು ತಿರುಪು, ಎಷ್ಟು ಚೂಪು! ಒಂದು ತಿರುಪು ನುಂಗಿದರೆ? ಕೋಲು ಜಾರಿ ಕಣ್ಣಿಗೆ ಬಡಿದರೆ? ಕೋಣೆಯ ಮಧ್ಯೆ ಬೇಡವೇ ಬೇಡ ಅಂತ ನಾನೇ ಜಾಗ ಗೊತ್ತು ಮಾಡಿದೆ. ಕಬ್ಬಿಣದ ಬೀರು ಮತ್ತು ಗೋಡೆಯ ನಡುವಿನ ಸಂದಿ. ಮುಂದೆ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಅಡ್ಡ ಇಟ್ಟರೆ ಗುಬ್ಬಿ ಅತ್ತ ಹೋಗುವಂತಿಲ್ಲ. ಭಾವ ಆ ಸಂದಿಗೆ ಅಡ್ಡಡ್ಡ ನುಗ್ಗಿ ಸ್ಟೂಲಿನ ಮೇಲೆ ಕೂತರು.

"ಜಾಗ ಸಾಕಾ ಭಾವ?"

"ಧಾರಾಳ ಆಯ್ತಮ್ಮ."

ಇನ್ನು ಕೆಲಸದ ವಿಷಯ. ಡ್ರಮ್ಸ್ ಸೆಟ್ಟಿನಲ್ಲಿ ಎಡಗಡೆ ಹೈ-ಹ್ಯಾಟ್ ಅಂತ ಒಂದು ಇರುತ್ತದೆ. ಒಂದರ ಮೇಲೊಂದು ಕವುಚಿದ ಎರಡು ಹಿತ್ತಾಳೆ ತಟ್ಟೆ. ಎಡಗಾಲಿನ ಪೆಡಲ್ ತುಳಿದರೆ ಎರಡೂ ಮುಚ್ಚಿಕೊಳ್ಳುತ್ತವೆ, ಆಗ ಬಡಿದರೆ "ಟಿಕ್" ಅನ್ನುತ್ತದೆ. ಪಾದ ಎತ್ತಿದರೆ ತೆರೆದುಕೊಂಡು "ತ್ಸ್ಸ್" ಅಂತ ಉಸಿರು ಬಿಟ್ಟಂತೆ ಉದ್ದಕ್ಕೆ ಹರಡುತ್ತದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ಭಾವನೇ. "ಹಾಡು ಉಸಿರಾಡೋದೇ ಇಲ್ಲಿ," ಅಂದರು. ಮದುವೆಯಾಗಿ ಮೂರು ವರ್ಷದಲ್ಲಿ ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ. ಎಲೆಕ್ಟ್ರಾನಿಕ್‌ನಲ್ಲಿ ತಟ್ಟೆ ಒಂದೇ, ಅದೂ ರಬ್ಬರಿನದು, ಅಲುಗಾಡುವುದಿಲ್ಲ. ಪೆಡಲ್ ಬೇರೆಯೇ ನೆಲದ ಮೇಲೆ ಬಿದ್ದಿರುತ್ತದೆ. ಅಲ್ಲಿಂದ ಒಂದು ತಂತಿ ಮಾಡ್ಯೂಲ್ ಅನ್ನುವ ಡಬ್ಬಿಗೆ. ಪೆಡಲ್ ಎಷ್ಟು ಇಳಿದಿದೆ ಅಂತ ಆ ಡಬ್ಬಿ ಅಳೆದು, ಮುಚ್ಚಿದ ಸದ್ದೋ ತೆರೆದ ಸದ್ದೋ ತೀರ್ಮಾನ ಮಾಡುತ್ತದೆ. ಕೇಳುವುದು ಭಾವನ ಹೆಡ್‌ಫೋನಿಗೆ ಮಾತ್ರ. ಮನೆಯವರಿಗೆ ಬರೀ ರಬ್ಬರಿನ ಟಪಟಪ.

ಮೊದಲ ದಿನ ಎಲ್ಲ ಸದ್ದೂ ಬಂತು, ಹೈ-ಹ್ಯಾಟ್ ಮಾತ್ರ ತೆರೆಯಲಿಲ್ಲ. ಏನು ಮಾಡಿದರೂ ಟಿಕ್, ಟಿಕ್. ಭಾವ ಹೆಡ್‌ಫೋನ್ ತೆಗೆದು ನನ್ನ ಕಡೆ ಪುಸ್ತಕ ಚಾಚಿದರು.

"ನೋಡಮ್ಮ, ನೀನು ಇಂಗ್ಲಿಷಲ್ಲಿ ಓದಿದೋಳು. ಇದರಲ್ಲಿ ಏನೋ ಬರೆದಿದಾರೆ."

ಗುಬ್ಬಿಯನ್ನು ಸೊಂಟದಲ್ಲಿಟ್ಟುಕೊಂಡೇ ಓದಿದೆ. ಪೆಡಲಿನ ಎರಡು ತುದಿಯನ್ನೂ ಡಬ್ಬಿಗೆ ಕಲಿಸಬೇಕು. ಕಾಲು ಪೂರ್ತಿ ತೆಗೆದು ಒಂದು ಸಲ ಬಟನ್ ಒತ್ತಬೇಕು, ಪೂರ್ತಿ ತುಳಿದು ಇನ್ನೊಂದು ಸಲ. ಪರದೆಯ ಮೇಲೆ ಅಂಕಿ ತೋರಿಸುತ್ತದೆ: ಪೆಡಲ್ ಪೂರ್ತಿ ಮೇಲಿದ್ದರೆ ಸೊನ್ನೆ, ಪೂರ್ತಿ ಕೆಳಗಿದ್ದರೆ ನೂರು.

"ಕಾಲು ತೆಗೀರಿ ಭಾವ."

"ತೆಗೆದೆ."

ಬಟನ್ ಒತ್ತಿದೆ. "ಈಗ ತುಳೀರಿ." ತುಳಿದರು. ಒತ್ತಿದೆ. ಬಾರಿಸಿ ನೋಡಿದರೆ ಮತ್ತೆ ಅದೇ ಟಿಕ್. ಇನ್ನೊಂದು ಸಲ ಮಾಡಿದೆವು. ಅದೇ ರಾಮಾಯಣ. ಮೂರನೇ ಸಲ ನಾನು ಬಗ್ಗಿ ನೋಡಿದೆ. ಪುಣ್ಯಾತ್ಮ ಕಾಲು ತೆಗೆದೇ ಇರಲಿಲ್ಲ! ಬೆರಳು ಚೂರು ಎತ್ತಿ, ಪಾದ ಪೆಡಲಿನ ಮೇಲೆ ಹಾಗೇ ಮಲಗಿಸಿದ್ದರು.

"ಕಾಲು ಇಲ್ಲೇ ಇದೆಯಲ್ಲ ಭಾವ!"

"ತೆಗೆದಿದೀನಲ್ಲಮ್ಮ, ತುಳೀತಿಲ್ಲವಲ್ಲ."

"ತೆಗೆಯೋದು ಅಂದ್ರೆ ನೆಲದ ಮೇಲೆ ಇಡೋದು."

"ಅಯ್ಯೋ, ಪೆಡಲ್ ಬಿಟ್ಟು ನೆಲದ ಮೇಲಾ?" ಅಂತ ನನ್ನನ್ನೇ ವಿಚಿತ್ರವಾಗಿ ನೋಡಿದರು. ಡ್ರಮ್ಸ್ ಬಾರಿಸುವವರು ಎಡಗಾಲನ್ನು ಪೆಡಲಿನಿಂದ ಇಳಿಸುವುದೇ ಇಲ್ಲವಂತೆ. ಡಬ್ಬಿಗೆ ಇದು ಹೇಗೆ ಗೊತ್ತಾಗಬೇಕು? ಪಾದದ ಭಾರಕ್ಕೇ ಪೆಡಲ್ ಇಳಿದಿದ್ದರಿಂದ, ತೆರೆದದ್ದಕ್ಕೂ ಮುಚ್ಚಿದ್ದಕ್ಕೂ ಇರುವ ವ್ಯತ್ಯಾಸವೇ ಅದಕ್ಕೆ ಸಿಕ್ಕಿರಲಿಲ್ಲ. ಕಾಲು ನೆಲಕ್ಕಿಡಿಸಿ ಕಲಿಸಿದ ಮೇಲೆ ಸರಿಹೋಯಿತು. ಅಂಕಿ ಎಷ್ಟಕ್ಕಿಂತ ಕಮ್ಮಿಯಾದರೆ ತೆರೆದಂತೆ ಅಂತ ಒಂದು ಗೆರೆ ಎಳೆಯುವ ಅನುಕೂಲವೂ ಅದರಲ್ಲಿತ್ತು. ಹತ್ತಕ್ಕೆ ಎಳೆದೆ. ಭಾವ ಬಾರಿಸಿದರು. ಮುಖ ಅರಳಿತು. ಹೆಡ್‌ಫೋನನ್ನು ನನ್ನ ಕಿವಿಗಿಟ್ಟರು. ಟಿಕ್ ಟಿಕ್ ಟಿಕ್ ತ್ಸ್ಸ್. ಗುಬ್ಬಿ ತಂತಿ ಹಿಡಿದು ಎಳೆದಳು, ನಾನು ಚೀರಿದೆ, ಅವತ್ತಿನ ಸಂಗೀತ ಅಲ್ಲಿಗೆ ಮುಗಿಯಿತು.

ಎರಡು ದಿನ ಚೆನ್ನಾಗಿ ನಡೆಯಿತು. ಬೆಳಗ್ಗೆ ಮೂರು ಗಂಟೆ, ಮಧ್ಯಾಹ್ನ ಮೂರು ಗಂಟೆ ಆ ಸಂದಿಯಲ್ಲೇ. ಕೂತರೆ ಏಳುವುದಿಲ್ಲ. ನೀರು ಬೇಕಾದರೂ ಕರೆಯುವುದಿಲ್ಲ. ಮೂರನೇ ದಿನ, "ಸ್ವಲ್ಪ ಕಚ್ಕೊಳ್ತಾ ಇದೆ, ತೆರೀತಾ ಇಲ್ಲ," ಅಂದರು. ಪರದೆ ನೋಡಿದೆ. ಪಾದ ಎತ್ತಿದಾಗ ಅಂಕಿ ಹದಿನಾಲ್ಕರಲ್ಲಿ ನಿಲ್ಲುತ್ತಿತ್ತು. ಗೆರೆಯನ್ನು ಹದಿನೆಂಟಕ್ಕೆ ಏರಿಸಿದೆ. ಸರಿಯಾಯಿತು. ಮಾರನೇ ದಿನ ಇಪ್ಪತ್ತಮೂರು. ಮೂವತ್ತಕ್ಕೆ ಏರಿಸಿದೆ.

"ಸ್ಪ್ರಿಂಗ್ ಸಡಿಲ ಆಗ್ತಿದೆ ಅನ್ಸತ್ತೆ," ಅಂದರು ಭಾವ.

"ಹೊಸ ಮಾಲು ಇಷ್ಟು ಬೇಗ ಸಡಿಲ ಆಗತ್ತಾ?"

"ಈಗಿನ ಮಾಲೇ ಹಾಗೆ."

ಗುಬ್ಬಿ ಎಷ್ಟು ಹೊತ್ತಿಗೆ ಹಾಲು ಕುಡಿದಳು, ಎಷ್ಟು ಮಲಗಿದಳು, ಅಂತೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಅದರ ಅಂಚಿನಲ್ಲಿ ಭಾವನ ಅಂಕಿಯೂ ಸೇರಿಕೊಂಡಿತು. ಐದನೇ ದಿನ ಮೂವತ್ತಾರು.

ಆರನೇ ದಿನ ಬೆಳಗ್ಗೆ ಅಡುಗೆಮನೆಯಲ್ಲಿದ್ದಾಗ ಒಂದು ಸದ್ದು ಕಿವಿಗೆ ಬಿತ್ತು. ಭಾವ ಬಚ್ಚಲಿಂದ ಬರುತ್ತಿದ್ದರು. ಒಂದು ಚಪ್ಪಲಿ "ಟಪ್" ಅನ್ನುತ್ತಿತ್ತು, ಇನ್ನೊಂದು "ಸರಕ್". ಟಪ್, ಸರಕ್. ಟಪ್, ಸರಕ್. ಎಡಗಾಲಿನ ಚಪ್ಪಲಿ ಹೊಸ್ತಿಲಿಗೆ ಸಿಕ್ಕಿ ಕಳಚಿಬಿತ್ತು. ಅವರು ತಿರುಗಿ ಅದನ್ನು ಬೆರಳಿಗೆ ಸಿಕ್ಕಿಸಿಕೊಳ್ಳಲು ಒದ್ದಾಡಿ, ಕೊನೆಗೆ ಕೈಯಲ್ಲಿ ಹಾಕಿಕೊಂಡರು.

ಅವರು ಪೇಪರ್ ತರಲು ಇಳಿದದ್ದೇ ತಡ, ನಾನು ಸ್ಟ್ಯಾಂಡ್ ಸರಿಸಿ ಒಳಗೆ ತೂರಿ, ಪೆಡಲನ್ನು ಕೈಯಿಂದ ಒತ್ತಿ ಬಿಟ್ಟೆ. ಅಂಕಿ ನೂರಕ್ಕೆ ಹೋಗಿ ಸೀದಾ ಸೊನ್ನೆಗೆ ಬಂತು. ಇನ್ನೊಂದು ಸಲ. ಸೊನ್ನೆ. ಸ್ಪ್ರಿಂಗಿಗೆ ಏನೂ ಆಗಿರಲಿಲ್ಲ.

ಪೆಡಲ್ ಮೇಲೆ ಬರುತ್ತಿತ್ತು. ಬಾರದಿದ್ದದ್ದು ಭಾವನ ಪಾದ. ನಾನು ದಿನಾ ಬಟನ್ ಒತ್ತಿ ಒತ್ತಿ ಅದನ್ನು ಮುಚ್ಚಿಡುತ್ತಿದ್ದೆ.

ಯಾರಿಗೆ ಹೇಳಲಿ? ಗುಬ್ಬಿ ಎರಡು ಸಲ ಸೀನಿದರೆ ನ್ಯುಮೋನಿಯಾ ಅಂತ ಮಕ್ಕಳ ಡಾಕ್ಟರ ಬಳಿ ಓಡುವವಳು ನಾನು. ಅಲ್ಲಿನ ಚೀಟಿ ಬರೆಯುವ ಹುಡುಗಿ ನನ್ನನ್ನು ನೋಡಿದರೆ ಕೇಳದೆಯೇ ಫೈಲ್ ತೆಗೆಯುತ್ತಾಳೆ. ತೋಳ ಬಂತು ತೋಳ ಅಂತ ಕೂಗಿ ಕೂಗಿ ನಿಜವಾಗಿ ಬಂದ ದಿನ ನನ್ನ ಮಾತಿಗೆ ಬೆಲೆಯೇ ಉಳಿದಿರಲಿಲ್ಲ. ಗಂಡನಿಗೆ ಹೇಳಿದೆ. ಅವರು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದಲ್ಲಿದ್ದಾರೆ.

"ರೀ, ಭಾವನ ಎಡಗಾಲು ಏಳ್ತಾ ಇಲ್ಲ."

"ಮೊನ್ನೆ ಗುಬ್ಬೀದು ಒಂದು ಕಿವಿ ದೊಡ್ಡದು ಅಂದಿದ್ದೆ."

"ತಮಾಷೆ ಅಲ್ಲ. ಅಂಕಿ ಬರೆದಿಟ್ಟಿದೀನಿ, ನೋಡಿ."

ನೋಟ್‌ಬುಕ್ ನೋಡಿದರು. "ಇದು ಹಾಲಿನ ಲೆಕ್ಕ ಅಲ್ವೇನೇ?" ಅಂದರು. ಆಮೇಲೆ, "ಜನ ಕನ್ನಡಕ ಹಾಕ್ಕೋತಾರೆ, ನೀನು ಭೂತಗನ್ನಡಿ ಹಾಕ್ಕೊಂಡೇ ಹುಟ್ಟಿದೋಳು. ದಿನಕ್ಕೆ ಆರು ಗಂಟೆ ಬಾರಿಸಿದ್ರೆ ಕಾಲು ಸೋಲದೆ ಇರತ್ತಾ? ಶನಿವಾರ ಒಂದು ಮುಗೀಲಿ. ಈಗ ಅವನ ತಲೇಲಿ ಹುಳ ಬಿಡಬೇಡ," ಅಂದರು.

ಅದೂ ನಿಜವೇ. ಹೇಳಿದರೆ ಅವರ ಧೈರ್ಯ ಕುಸಿದು ಶನಿವಾರ ಕೈಬಿಟ್ಟುಹೋದರೆ? ಹೇಳದೆ ಇದ್ದು ಕಾಲೇ ಹೋದರೆ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಓಡಾಡುವವಳ ಹಾಗಾದೆ. ನುಂಗಲಿಲ್ಲ, ಉಗುಳಲಿಲ್ಲ. ಆವತ್ತೂ ಗೆರೆ ಏರಿಸಿದೆ. ಏಳನೇ ದಿನ ಅಂಕಿ ಐವತ್ತೆರಡು. ಗೆರೆ ಅರವತ್ತಕ್ಕೆ ಹೋಯಿತು. ಪಾದಕ್ಕೆ ಓಡಾಡಲು ಉಳಿದಿದ್ದ ಜಾಗ ಎರಡು ಬೆರಳಿನಷ್ಟು. ಆ ಎರಡು ಬೆರಳಿನ ಜಾಗದಲ್ಲೇ ಭಾವ ಮುಚ್ಚುತ್ತಿದ್ದರು, ತೆರೆಯುತ್ತಿದ್ದರು. ಹೆಡ್‌ಫೋನಿನಲ್ಲಿ ಎಲ್ಲವೂ ಸರಿಯಾಗಿ ಕೇಳುತ್ತಿತ್ತು. ಅದೇ ನನಗೆ ಭಯ. ಡಬ್ಬಿ ಅಷ್ಟು ಚೆನ್ನಾಗಿ ಸುಳ್ಳು ಹೇಳುತ್ತಿತ್ತು.

ಮಾರನೇ ದಿನ, ಬುಧವಾರ ಬೆಳಗ್ಗೆ, ಅವರು ಎಂದಿನಂತೆ ಕರೆದರು. "ಬಾಮ್ಮ, ಒಂಚೂರು ಏರಿಸಿಕೊಡು. ಇವತ್ತೂ ಕಚ್ಕೊಂಡಿದೆ."

"ನಾನು ಒತ್ತಲ್ಲ ಭಾವ."

"ಯಾಕೆ, ಗುಬ್ಬಿ ಎದ್ದಳಾ?"

"ಗುಬ್ಬಿ ಮಲಗಿದಾಳೆ. ನಿಮ್ಮ ಪಾದ ಏಳ್ತಾ ಇಲ್ಲ. ಸ್ಪ್ರಿಂಗ್ ಸರಿಯಾಗೇ ಇದೆ. ನಾನು ಕೈಯಲ್ಲಿ ಒತ್ತಿ ನೋಡಿದೆ."

ಕೋಲು ತೊಡೆಯ ಮೇಲಿಟ್ಟರು. ನಾನು ನೋಟ್‌ಬುಕ್ ತೋರಿಸಿದೆ. ಅವರು ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟರು.

"ನನಗೆ ಗೊತ್ತು," ಅಂದರು ಕೊನೆಗೆ.

"ಗೊತ್ತಾ? ಮತ್ತೆ ಸ್ಪ್ರಿಂಗ್ ಅಂತ..."

"ಶನಿವಾರ ಆಗ್ಲಿ, ಆಮೇಲೆ ನೋಡ್ಕೊಳ್ಳೋಣ ಅಂತ. ಈಗ ಡಾಕ್ಟ್ರು ಬೇಡ ಅಂದ್ಬಿಟ್ರೆ ಏನ್ಮಾಡ್ಲಿ? ನಲವತ್ತೇಳಕ್ಕೆ ವಾಪಸ್ ರಟ್ಟಿನ ಪೆಟ್ಟಿಗೆ ಮಡಿಸೋಕೆ ಹೋಗ್ಲಾ? ಇನ್ನು ಮೂರು ದಿನ ಏರಿಸಿಕೊಡಮ್ಮ. ಕೈಮುಗೀತೀನಿ."

ಭಾವ ನನ್ನಲ್ಲಿ ಯಾವತ್ತೂ ಹೀಗೆ ಬೇಡಿಕೊಂಡವರಲ್ಲ. ಒಂದು ಲೋಟ ನೀರನ್ನೂ ಕೇಳಿದವರಲ್ಲ. ನನ್ನ ಕೈ ಬಟನ್ ಕಡೆ ಹೋಗಿಯೇಬಿಟ್ಟಿತ್ತು. ವಾಪಸ್ ತಗೊಂಡೆ.

"ನೀವು ಇವತ್ತು ಡಾಕ್ಟರ ಹತ್ರ ಬಂದ್ರೆ ಶನಿವಾರ ಏನು ಬೇಕಾದ್ರೂ ಒತ್ತಿಕೊಡ್ತೀನಿ. ಬರಲಿಲ್ಲ ಅಂದ್ರೆ ಈ ಡಬ್ಬಿ ಮುಟ್ಟಲ್ಲ."

"ನಿನ್ನ ಹತ್ರ ಗೆಲ್ಲೋಕಾಗಲ್ಲ," ಅಂದು ಎದ್ದರು. ಏಳುವಾಗ ಬೀರು ಹಿಡಿದುಕೊಂಡರು.

ನರಗಳ ಡಾಕ್ಟರ್ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಿರಬಹುದು. ಸೂಜಿ ಚುಚ್ಚಿ, ಸುತ್ತಿಗೆಯಲ್ಲಿ ತಟ್ಟಿ, "ಪಾದ ಮೇಲೆತ್ತಿ," ಅಂದರು. ಬಲಗಾಲು ಎದ್ದಿತು. ಎಡಗಾಲು ಎದ್ದಂತೆ ಮಾಡಿ ಬಿತ್ತು. ಏನು ಕೆಲಸ ಅಂತ ಕೇಳಿದರು.

"ಹೇಗೆ ಕೂತು ಬಾರಿಸ್ತೀರಿ, ಈ ಸ್ಟೂಲಿನ ಮೇಲೆ ತೋರಿಸಿ."

ಭಾವ ಸ್ಟೂಲನ್ನು ಎಳೆದುಕೊಂಡು ಹೋಗಿ ರೋಗಿಗಳು ಮಲಗುವ ಮಂಚಕ್ಕೆ ಒತ್ತಿ ಹಾಕಿದರು. ಎಡ ಮೊಣಕಾಲನ್ನು ಮಂಚದ ಕಬ್ಬಿಣಕ್ಕೆ ಆನಿಸಿ, ಕೈ ಎರಡನ್ನೂ ಎದೆಯ ಹತ್ತಿರ ಮುದುರಿಕೊಂಡು ಕೂತರು.

"ಅಷ್ಟು ಜಾಗ ಇದೆಯಲ್ಲ, ಮಧ್ಯ ಕೂತ್ಕೊಳ್ಳಿ," ಅಂದರು ಡಾಕ್ಟರ್.

"ಇಲ್ಲಿ ಬೀರು ಇರತ್ತೆ ಡಾಕ್ಟ್ರೇ."

"ಎಲ್ಲಿ?"

"ಇಲ್ಲಿ. ಮನೇಲಿ."

ಡಾಕ್ಟರ್ ಅವರ ಪ್ಯಾಂಟನ್ನು ಮೊಣಕಾಲಿನ ತನಕ ಮಡಿಸಿದರು. ಹೊರಬದಿಯಲ್ಲಿ, ಮೊಣಕಾಲಿನ ಕೆಳಗೆ, ಬೀರುವಿನ ಅಂಚು ಒತ್ತಿದ ಒಂದು ಕೆಂಪು ಗೀರು. ಅಲ್ಲಿ ಬೆರಳಿಂದ ತಟ್ಟಿದರೆ ಪಾದದವರೆಗೂ ಜುಮ್ಮೆಂದಿತಂತೆ. ಪಾದ ಎತ್ತಿಸುವ ನರ ಅಲ್ಲೇ ಚರ್ಮದ ಕೆಳಗೆ ಮೂಳೆಗೆ ಅಂಟಿಕೊಂಡು ಹಾಯುತ್ತದೆ, ದಿನಕ್ಕೆ ಆರು ಗಂಟೆ ಕಬ್ಬಿಣಕ್ಕೆ ಒತ್ತಿದರೆ ಇನ್ನೇನಾಗುತ್ತದೆ ಅಂದರು ಡಾಕ್ಟರ್.

"ಅಲ್ರೀ, ಇಂಥ ಜಾಗದಲ್ಲಿ ಕೂರಿಸಿದೋರು ಯಾರು?"

ಅವರು ಕೇಳಿದ್ದು ಸುಮ್ಮನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಗುಬ್ಬಿಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿದೆ. ಭಾವ, "ನಾನೇ ಕೂತೆ," ಅಂದರು.

ಒತ್ತಡ ತಪ್ಪಿದರೆ ನರ ಚೇತರಿಸಿಕೊಳ್ಳುತ್ತದೆ, ಎಂಟು ವಾರ ಹಿಡಿಯಬಹುದು, ಅಲ್ಲಿಯವರೆಗೆ ಕಾಲಿಗೆ ಪಟ್ಟಿ, ಆ ಕಾಲು ಪೆಡಲಿಗೆ ತಾಗಕೂಡದು. ಇಷ್ಟು ಬರೆದುಕೊಟ್ಟರು.

ಬಸ್ಸಿನಲ್ಲಿ ಕೇಳಿದೆ. "ನೋವಾಗ್ತಿರಲಿಲ್ವಾ ಭಾವ?"

"ನೋವಿಲ್ಲ. ಮರಗಟ್ತಿತ್ತು."

"ಒಂದು ಮಾತು ಹೇಳಿದ್ರೆ ಬೀರು ಸರಿಸ್ತಿದ್ದೆವಲ್ಲ!"

"ಎಲ್ಲಿಗೆ ಸರಿಸ್ತಿದ್ದೆ? ಮಗು ಓಡಾಡೋ ಜಾಗ. ನೀನು ಅಷ್ಟು ಯೋಚನೆ ಮಾಡಿ ಇಟ್ಟಿದ್ದೆ." ಅವರು ಹಾಗೆ ಹೇಳಿದ್ದು ಚುಚ್ಚಲಿಕ್ಕಲ್ಲ. ಚುಚ್ಚಲಿಕ್ಕೇ ಹೇಳಿದ್ದರೆ ಒಳ್ಳೆಯದಿತ್ತು, ನಾನೂ ಎರಡು ಮಾತು ವಾಪಸ್ ಆಡಬಹುದಿತ್ತು.

ಆ ಸಂಜೆ ನನ್ನ ಗಂಡ ಒಂದು ತಮಾಷೆಯನ್ನೂ ಮಾಡಲಿಲ್ಲ. ಒಬ್ಬರೇ ಬೀರುವನ್ನು ದಬ್ಬಿ ದಬ್ಬಿ ಮಲಗುವ ಕೋಣೆಗೆ ಸಾಗಿಸಿದರು. ಮಂಚಕ್ಕೂ ಬೀರುವಿಗೂ ನಡುವೆ ನಾವು ಈಗ ಅಡ್ಡಡ್ಡ ಓಡಾಡುತ್ತೇವೆ. ಭಾವ ಮೇಷ್ಟ್ರಿಗೆ ಫೋನ್ ಮಾಡಿದರು. ಮೇಷ್ಟ್ರು ಗಟ್ಟಿ ದನಿಯವರು, ನನಗೂ ಕೇಳಿಸಿತು.

"ಮ್ಯಾನೇಜರ್‌ಗೆ ಕಾಲಿನ ಸುದ್ದಿ ಹೇಳಿದೆಯೋ, ಎಂಟು ವಾರ ಮನೇಲಿರು ಅಂತಾನೆ. ಎಂಟು ವಾರ ಬಿಟ್ಟು ನೀನು ಯಾರು ಅಂತ ಕೇಳ್ತಾನೆ. ಬಾಯಿ ಮುಚ್ಕೊಂಡು ಬಾ."

ಹೋಗುವುದೇನೋ ಸರಿ, ಎಡಗಾಲಿಲ್ಲದೆ ಬಾರಿಸುವುದು ಹೇಗೆ? ಪೆಡಲಿನ ತಂತಿ ಕಿತ್ತುಹಾಕಿದರೆ ಡಬ್ಬಿ ಅದನ್ನು ಸದಾ ತೆರೆದದ್ದು ಅಂದುಕೊಳ್ಳುತ್ತದೆ, ಹಾಡಿನುದ್ದಕ್ಕೂ ತ್ಸ್ಸ್ ತ್ಸ್ಸ್ ಅಂತ ಕಿವಿ ಕೊರೆಯುತ್ತದೆ. ಭಾವ ಸೈಕಲ್ ಟ್ಯೂಬಿನ ಒಂದು ತುಂಡು ತಂದರು. ಪೆಡಲನ್ನು ಪೂರ್ತಿ ಕೆಳಕ್ಕೆ ಒತ್ತಿ, ಟ್ಯೂಬಿನಿಂದ ಬಿಗಿದು ಕಟ್ಟಿದರು. ಅಂಕಿ ನೂರಕ್ಕೆ ಹೋಗಿ ಅಲ್ಲೇ ನಿಂತಿತು. ಟಿಕ್ ಟಿಕ್ ಟಿಕ್ ಟಿಕ್. ಇನ್ನು ನಾನು ಒತ್ತಬೇಕಾದ್ದು ಏನೂ ಇರಲಿಲ್ಲ.

"ತೆರೆಯೋ ಜಾಗ ಬಂದಾಗ?" ಅಂದೆ.

"ಬಂದಾಗ ಸುಮ್ಮನೆ ದಾಟ್ಕೊಂಡು ಹೋಗೋದು."

ಶನಿವಾರ ನಾನೂ ಹೋದೆ. ಡಬ್ಬಿ ಕೈಕೊಟ್ಟರೆ ಇಂಗ್ಲಿಷ್ ಓದಲು ಒಬ್ಬರು ಬೇಕಲ್ಲ. ಹಾಲ್ ತುಂಬ ಹೊಸ ಬಣ್ಣದ ವಾಸನೆ. ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ತಲೆಕೆಳಗಾಗಿ ಹಾಕಿದ್ದರು. ಗುಬ್ಬಿ ಎಲ್ಲಿ ಅಳುತ್ತಾಳೋ ಅಂತ ನಾನು ಬಾಗಿಲ ಬಳಿಯೇ ನಿಂತೆ. ಭಾವ ಪಟ್ಟಿ ಕಾಣದಂತೆ ದೊಗಳೆ ಪ್ಯಾಂಟು ಹಾಕಿಕೊಂಡಿದ್ದರು. ಐದು ಹಾಡು ಬಾರಿಸಿದರು. ತೆರೆಯಬೇಕಾದ ಕಡೆಯೆಲ್ಲ ಹೈ-ಹ್ಯಾಟ್ ಬಾಯಿ ಬಿಡದೆ ಮುಂದೆ ಹೋದಾಗ ಮೇಷ್ಟ್ರು ಒಂದು ಸಲ ಕತ್ತೆತ್ತಿ ನೋಡಿ, ತಗ್ಗಿಸಿಕೊಂಡರು. ನನಗೆ ಹಾಡುಗಳು ಉಸಿರು ಬಿಗಿಹಿಡಿದುಕೊಂಡು ಓಡಿದಂತೆ ಕೇಳಿಸುತ್ತಿತ್ತು. ಮ್ಯಾನೇಜರ್ ಫೋನಿನಲ್ಲಿ ಏನೋ ನೋಡುತ್ತ ಕೂತಿದ್ದ. ಐದನೇ ಹಾಡಿಗೆ ತಲೆ ಎತ್ತಿದ. ಈಗ ಮುಗಿಯಿತು, ಅಂದುಕೊಂಡೆ.

"ಬಹಳ ಚೆನ್ನಾಗಿದೆ," ಅಂದ. "ಮೊದಲು ಒಂದು ಥರ ಬುಸ್ ಬುಸ್ ಅಂತಿತ್ತಲ್ಲ, ಅದೇ ಊಟ ಮಾಡೋರಿಗೆ ತೊಂದರೆ ಆಗ್ತಿದ್ದಿದ್ದು. ಈಗ ಅಚ್ಚುಕಟ್ಟಾಗಿದೆ. ಏನು ಮಾಡಿದ್ರಿ?"

ಭಾವ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಸೂರು ನೋಡಿದರು.

"ಪೆಡಲ್ ಕಟ್ಟಿದೀನಿ ಸಾರ್," ಅಂದರು ಭಾವ.

ಮ್ಯಾನೇಜರ್ ಬಗ್ಗಿ ಟ್ಯೂಬನ್ನು ನೋಡಿ ನಕ್ಕ. "ಭೇಷ್. ಇದನ್ನ ಬಿಚ್ಚಲೇಬೇಡಿ. ನೀವು ಇರ್ತೀರಿ."

ಮನೆಗೆ ಬಂದು ನನ್ನ ಗಂಡನಿಗೆ ಹೇಳಿದಾಗ ಅವರು ಕುಣಿದುಬಿಟ್ಟರು. ಸಿಹಿ ತರಲು ಓಡಿದರು. ಭಾವ ಸೋಫಾದ ಕೈಯ ಮೇಲೆ ಕೂತು ಕಾಲಿನ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡರು.

ಒಂಬತ್ತು ವಾರಕ್ಕೆ ಡಾಕ್ಟರ್ "ಪಾದ ಎತ್ತಿ" ಅಂದಾಗ ಎಡಗಾಲು ಬಲಗಾಲಿಗೆ ಸಮವಾಗಿ ಎದ್ದಿತು. ನಾನು ಅಲ್ಲೇ ಅತ್ತುಬಿಟ್ಟೆ. ಗುಬ್ಬಿಯೂ ನನ್ನ ನೋಡಿ ಅತ್ತಳು. ಮಾರನೇ ದಿನವೇ ಭಾವ ಮ್ಯಾನೇಜರ್ ಬಳಿ ಹೋಗಿ, ಕಾಲಿನ ಸಂಗತಿಯೆಲ್ಲ ಹೇಳಿ, ಇನ್ನು ಪೆಡಲ್ ಬಿಚ್ಚಬಹುದಲ್ಲ ಸಾರ್ ಅಂತ ಕೇಳಿದರಂತೆ. "ನಿಮ್ಮ ಕಾಲು ವಾಸಿಯಾಗಿದ್ದು ಸಂತೋಷ. ಆದರೆ ಎರಡು ತಿಂಗಳಿಂದ ಒಂದು ದೂರು ಬಂದಿಲ್ಲ, ನೋಡಿ. ಯಾಕೆ ಸುಮ್ಮನೆ?" ಅಂದನಂತೆ. ಮೇಷ್ಟ್ರನ್ನು ಕೇಳಿದರೆ, "ಇರಲಿ ಬಿಡಯ್ಯಾ, ಮೂರು ಗಂಟೆ ಕೂತೆದ್ದು ಬಂದರಾಯ್ತು," ಅಂದರಂತೆ.

ಹೋದ ತಿಂಗಳು ನನ್ನ ಗಂಡ ನಮ್ಮನ್ನು ಅಲ್ಲಿಗೇ ಊಟಕ್ಕೆ ಕರೆದುಕೊಂಡು ಹೋದರು. ತಂಡಕ್ಕೆ ಹತ್ತಿರದ ಮೇಜೇ ಸಿಕ್ಕಿತು. ಹಾಲ್ ತುಂಬಿತ್ತು. ಜನ ಮಾತಾಡುತ್ತಿದ್ದರು, ಚಮಚ ತಟ್ಟೆಗೆ ತಾಗುತ್ತಿತ್ತು, ಯಾರೂ ಅತ್ತ ತಿರುಗುತ್ತಿರಲಿಲ್ಲ. ಗುಬ್ಬಿ ಚಮಚ ಬೀಳಿಸಿದಳು. ಎತ್ತಿಕೊಳ್ಳಲು ಬಗ್ಗಿದಾಗ ಮೇಜಿನ ಕೆಳಗಿನಿಂದ ಭಾವನ ಕಾಲು ಕಂಡಿತು. ಕಟ್ಟಿದ ಪೆಡಲಿನ ಪಕ್ಕದಲ್ಲಿ, ಬರೀ ನೆಲಹಾಸಿನ ಮೇಲೆ ಎಡಪಾದ ಒತ್ತುತ್ತಿತ್ತು, ಏಳುತ್ತಿತ್ತು. ತೆರೆಯಬೇಕಾದ ಕಡೆಯೆಲ್ಲ, ಒಂದನ್ನೂ ಬಿಡದೆ, ಪೂರ್ತಿ ಮೇಲಕ್ಕೆ.

"ಏನೇ ಅದು, ಚಮಚ ಸಿಗಲಿಲ್ವಾ?" ಅಂದರು ನನ್ನ ಗಂಡ.

"ಸಿಕ್ತು ರೀ," ಅಂದೆ. ಆದರೂ ಹಾಡು ಮುಗಿಯುವವರೆಗೆ ನಾನು ಮೇಲೇಳಲಿಲ್ಲ.